ಗೋಕಾಕದಲ್ಲಿ ಒಣಗುತ್ತಿದ್ದ ತಲೆಗಳು

ಗೋಕಾಕದ ಗೊಂಬೆಗಾರ ಕಲ್ಲಪ್ಪನ ಕಟ್ಟೆಯ ಮೇಲೆ ಕೂತು ಇದನ್ನು ಗೀಚುತ್ತಿದ್ದೇನೆ. ಊರೂರಿನ ಜನರ ಮೂಗು, ತಲೆ ಅಳೆದು ಯಾರು ಯಾವ ಜನಾಂಗವೆಂದು ಬರೆದಿಡುವ ಇಂಗ್ಲಿಷ್ ಸಾಹೇಬರ ಗುಮಾಸ್ತ ನಾನು. ನಿನ್ನೆ ಹುಕ್ಕೇರಿಯಲ್ಲಿ ನನ್ನ ಮೂಗನ್ನೂ ಅಳೆದು, ಆ ಅಂಕಿಯನ್ನು ನನ್ನ ಕೈಯಿಂದಲೇ ಬರೆಸಿದರು. ಆ ಉಕ್ಕಿನ ಅಳತೆಗೋಲಿನ ತಂಪು ಇನ್ನೂ ಮುಖ ಬಿಟ್ಟಿಲ್ಲ.

ಜಾತಿಗೊಂದು ಗೊಂಬೆ ಬೇಕೆಂದು ಸಾಹೇಬರು ಮೊದಲೇ ಹೇಳಿಕಳಿಸಿದ್ದರು. ಅಂಗಳದ ಬಿಸಿಲಿನಲ್ಲಿ ಬಿಳಿ ಬಳಿದ ಕಟ್ಟಿಗೆಯ ತಲೆಗಳು ಸಾಲಾಗಿ ಒಣಗುತ್ತಿದ್ದವು. ಕಣ್ಣಿಲ್ಲ, ಮೀಸೆಯಿಲ್ಲ, ಒಂದೇ ಹಾಸಿಗೆಯಲ್ಲಿ ಮಲಗಿ ಒಂದೇ ಕನಸು ಕಾಣುತ್ತಿರುವ ಅಣ್ಣತಮ್ಮಂದಿರ ಹಾಗಿದ್ದವು. ಸಾಹೇಬರು ಅದೇ ಇಕ್ಕಳದಂಥ ಅಳತೆಗೋಲು ತೆಗೆದು ಅವುಗಳ ಮೂಗನ್ನೂ ಅಳೆದರು. ಎಲ್ಲಾ ಒಂದೇ ಅಳತೆ.

“ಇದರಲ್ಲಿ ಜೈನ ಯಾರು, ಕುರುಬ ಯಾರು?” ಎಂದು ನನ್ನಿಂದ ಕೇಳಿಸಿದರು.

“ಇನ್ನಾ ಯಾರೂ ಆಗಿಲ್ರಿ,” ಎಂದ ಕಲ್ಲಪ್ಪ, ಕುಂಚದಿಂದ ಕಣ್ಣೆತ್ತದೆ. “ಪಟಗಾ ಸುತ್ತಿ ಬಣ್ಣಾ ಹಚ್ಚಿದ ಮ್ಯಾಲ ಆಕ್ಕಾರ್ರಿ. ನಿಮ್ಮಿಬ್ಬರ ಗೊಂಬಿನೂ ಮಾಡ್ತೇನ್ರಿ, ಒಂದೊಂದು ತಲಿ ಆರಿಸಿ ಕೊಡ್ರಿ.”

ಸಾಹೇಬರಿಗೆ ತಿಳಿಸಿದೆ. ನಕ್ಕರು. ಇಬ್ಬರೂ ಬಗ್ಗಿ ಕೈ ಚಾಚಿದೆವು. ಇಬ್ಬರ ಬೆರಳುಗಳೂ ಒಂದೇ ತಲೆಯ ಮೇಲಿಳಿದವು. ನನ್ನ ಬೆರಳು ತಾಕಿದ್ದೇ ಸಾಹೇಬರು ಥಟ್ಟನೆ ಕೈ ಹಿಂದೆಗೆದು, ಕರವಸ್ತ್ರದಿಂದ ಬೆರಳು ಒರೆಸಿಕೊಂಡರು. ಬಿಸಿಲಿಗೆ ಬೆಚ್ಚಗಾಗಿದ್ದ ಆ ತಲೆ ನನ್ನ ಅಂಗೈಯಲ್ಲಿ ಉಳಿಯಿತು.