ಅತ್ತೆಯವರಿಗೊಂದು ಹಡಗಿನ ಸೂಟು

ಕ್ರೂಸ್‌ಗೆ ಹೊರಟಿದ್ದೇನೆ ಎಂದು ನಮ್ಮ ಜಮಖಂಡಿಯಲ್ಲಿ ಯಾರಿಗಾದರೂ ಹೇಳಿ ನೋಡಿ.

ನಾನು ಹೇಳಿದೆ. ಪಕ್ಕದ ಮನೆಯ ಈರಣ್ಣ ಹಲ್ಲುಜ್ಜುತ್ತಿದ್ದವರು ಬಾಯಿಂದ ಬ್ರಷ್ ತೆಗೆದು, ತುಂಬ ಕಳಕಳಿಯಿಂದ, "ಕ್ರೂಸರ್‌ದಾಗ ಯಾಕ್ರಿ? ಹದಿನಾಲ್ಕ ಮಂದಿ ತುರುಕ್ತಾರ. ಸೊಂಟ ಹೋಗತೈತಿ. ಸುಮ್ನ ಬಸ್ಸಿಗೆ ಹೋಗ್ರಿ" ಎಂದರು.

ತಪ್ಪು ಅವರದಲ್ಲ. ನಮ್ಮ ಕಡೆ ಕ್ರೂಸರ್ ಎಂದರೆ ಲೋಕಾಪುರ, ಬೀಳಗಿ, ಬನಹಟ್ಟಿ ಎಂದು ಕೂಗುತ್ತ ಮಂದಿಯನ್ನು ತುಂಬಿಕೊಂಡು ಹೋಗುವ ಗಾಡಿ. (ಟಾಪ್ ಮೇಲೆ ಆಡಿನ ಮರಿ ಇದ್ದರೂ ಇರಬಹುದು.) ಸಮುದ್ರದ ಮೇಲೆ ತೇಲುವ, ಒಳಗೆ ಲಿಫ್ಟ್ ಇರುವ ಕ್ರೂಸ್ ನಮಗೆ ಇತ್ತೀಚಿನದು.

ಅದನ್ನು ನಮ್ಮೂರಿಗೆ ತಂದವನು ಮಲ್ಲೇಶಿ. ಹಿಂದೆ ಅವನದೂ ಒಂದು ಕ್ರೂಸರ್ ಇತ್ತು. ಪಂಢರಪುರ, ತುಳಜಾಪುರ ಟ್ರಿಪ್ ಹೊಡೆಯುತ್ತಿದ್ದ. ಈಗ ಝೆರಾಕ್ಸ್ ಅಂಗಡಿಯ ಪಕ್ಕದಲ್ಲಿ ಎ.ಸಿ. ಹಾಕಿಸಿ ಟೂರ್ಸ್ ಆಫೀಸು ತೆರೆದಿದ್ದಾನೆ. ಕ್ರೂಸರ್‌ನಿಂದ ಒಂದು ಅಕ್ಷರ ಇಳಿಸಿದ, ದರ ಏರಿಸಿದ.

ಕಳೆದ ಭಾನುವಾರ ಅವನ ಆಫೀಸಿಗೆ ಹೋಗಿದ್ದೆ. ಹಡಗಿನಲ್ಲಿ ರೂಮು ಹಿಡಿಯಲು. ಜೊತೆಗೆ ನಮ್ಮ ಅತ್ತೆಯವರು. ಹೌದು, ಸರಿಯಾಗಿಯೇ ಓದಿದಿರಿ. ಅತ್ತೆ. ಹೆಂಡತಿಯ ತಾಯಿ.

ಕಳೆದ ವರ್ಷ ಈ ಅಂಕಣ ಎರಡು ತಿಂಗಳು ನಿಂತಿತ್ತು. ಯಾಕೆಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ನನ್ನ ಹೆಂಡತಿ ಸುಮಿತ್ರಾ ಹೋದಳು. ಮತ್ತೆ ಬರೆಯಲು ಶುರು ಮಾಡಿದ ಮೇಲೂ ಅದರ ಬಗ್ಗೆ ಬರೆಯಲಿಲ್ಲ. ಬರೆಯಲು ಬರಲಿಲ್ಲ, ಅಷ್ಟೇ. ನಾನು ಕಲಿತದ್ದು ಕಡಿಮೆ. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕೂತು ಕಬ್ಬಿನ ಟ್ರ್ಯಾಕ್ಟರ್ ತೂಗಿ ರಿಟೈರ್ ಆದವನು. ದೊಡ್ಡ ಮಾತುಗಳು ನನ್ನ ಹತ್ತಿರ ಇಲ್ಲ.

ಹಡಗು ಸುಮಿತ್ರಾಳ ಐಡಿಯಾ. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ್ದಳು. ಮುಂಬೈಯಲ್ಲಿ ಹತ್ತುವುದು, ಗೋವಾ ನೋಡುವುದು, ತಿರುಗಿ ಬರುವುದು. ನಾನು, ಅವಳು, ಅವಳವ್ವ. ಮೂರು ಮಂದಿಗೆ ಎಷ್ಟು ರೂಮು ಎಂದು ಕೇಳಿದ್ದೆ. "ಒಂದ ಸಾಕು. ನಡಕ ನಾ ಮಲಗ್ತೀನಿ" ಎಂದಿದ್ದಳು.

ನಡುವೆ ಅವಳು ಇರಲೇಬೇಕಿತ್ತು. ಯಾಕೆಂದರೆ ನಮ್ಮ ಅತ್ತೆಯವರು ನನ್ನ ಜೊತೆ ಮಾತಾಡುವುದಿಲ್ಲ.

ಜಗಳ ಅಲ್ಲ ಮಾರಾಯರೆ, ಮರ್ಯಾದೆ! ಅವರ ಮನೆತನದ ಹಳೆಯ ರೂಢಿ. ಅಳಿಯನ ಎದುರು ಅತ್ತೆ ತಲೆಯ ಮೇಲಿನ ಸೆರಗು ಸರಿಸಬಾರದು, ನೇರ ಮಾತಾಡಬಾರದು. ಇಪ್ಪತ್ತೆಂಟು ವರ್ಷ ಮುಧೋಳದ ಆ ಮನೆಯಲ್ಲಿ ಅವರ ಕೈಯ ಅಡುಗೆ ಉಂಡಿದ್ದೇನೆ. ಅವರ ದನಿ ಮಾತ್ರ ಯಾವಾಗಲೂ ಅಡುಗೆಮನೆಯ ಬಾಗಿಲ ಮರೆಯಿಂದ.

"ಸುಮಿತ್ರಾ, ಅವರಿಗೆ ಇನ್ನೊಂದ ರೊಟ್ಟಿ ಬೇಕೇನ ಕೇಳು."

"ರೊಟ್ಟಿ ಬೇಕೇನ್ರಿ?"

"ಸಾಕಂತ ಹೇಳು."

"ಸಾಕಂತ ಬೇ."

ಮೂವರೂ ಇರುವುದು ಹತ್ತು ಅಡಿಯೊಳಗೆ! ಸುಮಿತ್ರಾಳಿಗೆ ನನ್ನ ಮೇಲೆ ಸಿಟ್ಟಿದ್ದ ದಿನ ಮಾತು ದಾಟುವಾಗ ಸ್ವಲ್ಪ ಬದಲಾಗುತ್ತಿತ್ತು. "ಅವ್ವ ಕೇಳಾಕತ್ತಾಳ, ಆ ಹೊಟ್ಟಿ ಯಾವಾಗ ಇಳಸ್ತೀರಿ ಅಂತ." (ಅವ್ವ ಬಾಗಿಲ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡಿರುತ್ತಿದ್ದರು.)

ಆಸ್ಪತ್ರೆಯ ಆ ಕೊನೆಯ ದಿನಗಳಲ್ಲಿಯೂ ಅವರು ರೂಢಿ ಬಿಡಲಿಲ್ಲ. ಡ್ಯೂಟಿಯ ನರ್ಸ್‌ಗೆ ಹೇಳುತ್ತಿದ್ದರು. "ಅಕ್ಕಾ, ಅವರು ಮುಂಜಾನಿಂದ ಏನೂ ತಿಂದಿಲ್ಲ. ಒಂದ್ ಕಪ್ ಚಹಾ ಕುಡೀರಿ ಅಂತ ಹೇಳ್ರಿ." ಕೇರಳದ ಆ ಹುಡುಗಿಗೆ ಅರ್ಧ ಕನ್ನಡ. ಇಬ್ಬರನ್ನೂ ನೋಡಿ ಕಂಗಾಲಾಗುತ್ತಿದ್ದಳು.

ಇತ್ತೀಚೆಗೆ ವರ್ಷದ ಕಾರ್ಯ ಮುಗಿಯಿತು. ಮುಧೋಳದಲ್ಲಿ ಅತ್ತೆಯವರ ಮಗನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ದುಃಖಕ್ಕಿಂತ ಹೆಚ್ಚಾಗಿ ಒಂದು ಹೆದರಿಕೆ. ಇನ್ನು ಮುಂದೆ ಈ ಮನೆಗೆ ನಾನು ಯಾರು? ಹೆಂಡತಿ ಇಲ್ಲದ ಮೇಲೆ ಅಳಿಯ ಎಂಬುವವನು ಇರುತ್ತಾನೆಯೇ? ನಮಗೆ ಮಕ್ಕಳಿಲ್ಲ. ಅಜ್ಜಿಗೆ ಮೊಮ್ಮಗುವನ್ನು ತೋರಿಸಲು ಬಂದೆ ಎಂಬ ನೆಪವೂ ಇಲ್ಲ. ಯಾವ ಕಾರಣ ಹೇಳಿ ಮುಧೋಳದ ಬಸ್ ಹತ್ತಲಿ?

ಆಗ ಅತ್ತೆಯವರು ಗೋಡೆಯ ಮೇಲಿನ ಸುಮಿತ್ರಾಳ ಫೋಟೋದ ಕಡೆ ತಿರುಗಿ ಕೇಳಿದರು. "ಸುಮಿತ್ರಾ, ಅವರನ್ನ ಕೇಳು. ಹಡಗಿನ ಮಾತ ಏನಾತು ಅಂತ."

ನಾನೂ ಫೋಟೋಕ್ಕೇ ಉತ್ತರ ಕೊಟ್ಟೆ. "ಅವರು ಹೂಂ ಅಂದ್ರ ನಾ ರೆಡಿ ಅಂತ ಹೇಳು."

ಹೀಗೆ ನಾವು ಮಲ್ಲೇಶಿಯ ಎ.ಸಿ. ಆಫೀಸಿಗೆ ಬಂದೆವು. ಅತ್ತೆಯವರು ಹೊಸ ಬನಹಟ್ಟಿ ಸೀರೆ ಉಟ್ಟಿದ್ದರು. ನನ್ನಿಂದ ಎರಡು ಕುರ್ಚಿ ಬಿಟ್ಟು, ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿ ಕೂತರು.

"ಬರ್ರಿ ಅವ್ವಾರ!" ಎಂದ ಮಲ್ಲೇಶಿ. "ಮಗನ ಕೂಡ ಹಡಗ ಹತ್ತಾಕತ್ತೀರಿ, ಛಲೋ ಆತು. ತಾಯಿ-ಮಗಗ ಒಂದ ಕ್ಯಾಬಿನ್ ಹಾಕ್ತೀನಿ."

ಅತ್ತೆಯವರು ಸೆರಗು ಮುಂದೆಳೆದುಕೊಂಡರು. "ಮಗ ಅಲ್ಲೋ ತಮ್ಮಾ. ಅಳಿಯಾರು."

ಕೀಬೋರ್ಡಿನ ಮೇಲೆ ಅವನ ಕೈ ನಿಂತಿತು. ಅವನೂ ಈ ಕಡೆಯವನೇ. ಬಿಡಿಸಿ ಹೇಳಬೇಕಾಗಲಿಲ್ಲ.

"ಹಂಗಾದ್ರ ಎರಡ ಕ್ಯಾಬಿನ್ ಬೇಕು. ಆದ್ರ ಒಂದ ತ್ರಾಸ ಐತ್ರಿ ಸರ. ಹಡಗಿನ್ಯಾವ್ರು ಒಬ್ಬರ ಲೆಕ್ಕ ಹಿಡಿಯೂದಿಲ್ಲ. ಒಳಗ ಒಬ್ಬರ ಇದ್ರೂ ಇಬ್ಬರದು ತಗೋತಾರ."

"ಅಂದ್ರ ಇಲ್ಲದವರಿಗೂ ಟಿಕೀಟ ತಗಸಬೇಕಾ?" ಎಂದರು ಅತ್ತೆ.

ಮಲ್ಲೇಶಿ ಕಂಪ್ಯೂಟರಿನಲ್ಲಿ ಏನೋ ಹುಡುಕತೊಡಗಿದ. (ಕಂಪನಿಯವರನ್ನು ಏಕೆ ಬೈಯಲಿ? ಎಲ್ಲರೂ ಜೋಡಿಯಾಗಿಯೇ ಇರುತ್ತಾರೆ ಎಂದು ಅವರು ನಂಬಿದ್ದಾರೆ. ಹೋದ ವರ್ಷದವರೆಗೆ ನಾನೂ ನಂಬಿದ್ದೆ.)

ಮಲ್ಲೇಶಿ ತಲೆ ಎತ್ತಿದ. "ಇದಕ್ಕೊಂದ ಹಾದಿ ಐತ್ರಿ. ಸೂಟ್."

"ಸೂಟ್ ಅವರ ಹಂತ್ಯಾಕ ಐತಲ್ಲ," ಎಂದರು ಅತ್ತೆ ಕ್ಯಾಲೆಂಡರಿಗೆ. "ಲಗ್ನದಾಗ ನಾವ ಹೊಲಿಸಿ ಕೊಟ್ಟೀವಿ. ಈಗ ಹಿಡಸ್ತೈತೋ ಇಲ್ಲೋ, ಕೇಳಪಾ ಅವರಿಗೆ."

ಮಲ್ಲೇಶಿ ನನ್ನತ್ತ ತಿರುಗಿದ. "ಹಿಡಸ್ತೈತೇನ್ರಿ?"

"ಇಲ್ಲ ಅಂತ ಹೇಳು."

"ಇಲ್ಲಂತ್ರಿ ಅವ್ವಾರ."

ಅರ್ಜಿ ಹಾಕದೆಯೇ ಅವನು ಸುಮಿತ್ರಾಳ ಡ್ಯೂಟಿಗೆ ಸೇರಿಬಿಟ್ಟಿದ್ದ.

ಆಮೇಲೆ ಕಂಪ್ಯೂಟರ್ ತಿರುಗಿಸಿ ತೋರಿಸಿದ. ಹಡಗಿನ ಸೂಟ್ ಎಂದರೆ ದೊಡ್ಡ ರೂಮು. ಎರಡು ಭಾಗ. ಒಂದರಲ್ಲಿ ಪಲಂಗ, ಇನ್ನೊಂದರಲ್ಲಿ ಬಿಚ್ಚಿದರೆ ಹಾಸಿಗೆಯಾಗುವ ಸೋಫಾ. ಬಾಲ್ಕನಿ ಬೇರೆ. ಸ್ನಾನಕ್ಕೆ ಟಬ್. ಹತ್ತುವಾಗ ಲೈನ್ ಇಲ್ಲ. ಎರಡು ಕ್ಯಾಬಿನ್ ಹಿಡಿಯುವುದಕ್ಕಿಂತ ತುಸು ಹೆಚ್ಚು ಅಷ್ಟೇ. "ಮತ್ತ ನಿಮಗಂತ ಒಬ್ಬ ಬಟ್ಲರ್ ಇರ್ತಾನ್ರಿ ಅವ್ವಾರ. ಬ್ಯಾಗ್ ಬಿಚ್ಚಿ ಅರಿವಿ ಜೋಡಿಸಿ ಇಡ್ತಾನ."

"ನನ್ನ ಅರಿವಿ ಅಂವ ಯಾಕ ಮುಟ್ಟತಾನ? ಅವಂಗ ಬರಬ್ಯಾಡ ಅಂತ ಹೇಳು. ಟಬ್ಬೂ ಬ್ಯಾಡ. ನಡುವ ಬಾಗಲಾ ಐತೇನ ನೋಡು."

ಕಂಪ್ಯೂಟರಿನ ಫೋಟೋದಲ್ಲಿ ಬಾಗಿಲು ಕಾಣಲಿಲ್ಲ. ಮಲ್ಲೇಶಿ ಮುಂಬೈ ಆಫೀಸಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ನಡುವೆ ಎನ್ನುವುದನ್ನು ತನ್ನ ಹಿಂದಿಗೆ ಇಳಿಸಿ ಜೋರಾಗಿ, "ಮೇಡಂ, ಬೀಚ್ ಮೆ ದರ್ವಾಜಾ ಹೈ ಕ್ಯಾ?" ಎಂದ.

"ಸರ್, ಬೀಚ್ ಈಸ್ ಆನ್ ಡೇ ಟು."

"ವೋ ಬೀಚ್ ನಹಿ ಮೇಡಂ! ಬೀಚ್ ಬೀಚ್! ಸಾಸೂಮಾ ಇಧರ್, ದಾಮಾದ್ ಉಧರ್, ಬೀಚ್ ಮೆ!"

ಆ ಕಡೆ ಮುಂಬೈಯ ಹುಡುಗಿ ನಗುವುದು ಕೇಳಿಸಿತು. ಅತ್ತೆಯವರ ಭುಜವೂ ಸೆರಗಿನೊಳಗೆ ಅಲುಗುತ್ತಿತ್ತು. ವರ್ಷದ ಮೇಲೆ ಮೊದಲ ಸಲ.

ಉತ್ತರ ಬಂತು. ಈ ಸೂಟ್‌ನಲ್ಲಿ ನಡುವೆ ಇರುವುದು ಪರದೆ. ಬಾಗಿಲು ಬೇಕೆಂದರೆ ಮೇಲಿನ ಅಂತಸ್ತಿನ ದೊಡ್ಡ ಸೂಟ್. ಅದಕ್ಕೆ ಹೆಚ್ಚುಕಡಿಮೆ ದುಪ್ಪಟ್ಟು.

ಒಂದು ಬಾಗಿಲಿಗೆ ಇಷ್ಟು ದುಡ್ಡೇ? ಅಷ್ಟರಲ್ಲಿ ನಮ್ಮ ಬಡಿಗೇರ ಇಡೀ ಓಣಿಗೆ ಸಾಗವಾನಿ ಬಾಗಿಲು ಕೂಡಿಸಿ ಕೊಡುತ್ತಾನೆ.

ಯೋಚಿಸಿದರೆ, ನಾವು ಹೆಚ್ಚು ದುಡ್ಡು ಕೊಡುವುದೆಲ್ಲ ಇಂಥದಕ್ಕೇ. ಆಸ್ಪತ್ರೆಯಲ್ಲಿ ಸ್ಪೆಷಲ್ ರೂಮು. ಹೋಟೆಲಿನಲ್ಲಿ ಫ್ಯಾಮಿಲಿ ರೂಮು. ಅದೇ ಭಜಿ, ಅದೇ ಚಟ್ನಿ, ಮಂದಿ ಕಾಣಬಾರದೆಂದು ಎರಡು ರೂಪಾಯಿ ಜಾಸ್ತಿ. ದುಡ್ಡು ಬಂದಷ್ಟೂ ನಾವು ಕೊಳ್ಳುವುದು ಇನ್ನೊಬ್ಬರಿಂದ ದೂರವನ್ನೇ ಅಲ್ಲವೇ?

ಆದರೂ ನಾನು ಬಾಗಿಲಿನ ಸೂಟಿಗೇ ಹೂಂ ಎನ್ನುವವನಿದ್ದೆ. ಬಾಗಿಲಿಲ್ಲ ಎಂದರೆ ಅತ್ತೆಯವರು ಬರುವುದಿಲ್ಲ ಎಂಬುದು ನನಗೆ ಖಾತ್ರಿ. ಅವರು ಬರದಿದ್ದರೆ ಹಡಗಿಲ್ಲ. ಹಡಗು ತಪ್ಪಿದರೆ ದೀಪಾವಳಿಗೊಂದು ಫೋನು, ಅದೂ ಅವರ ಮಗನ ಜೊತೆ. ಆಮೇಲೆ ಅದೂ ನಿಲ್ಲುತ್ತದೆ. ಸಂಬಂಧಗಳು ಮುರಿಯುವುದು ಕಡಿಮೆ. ಹೀಗೆ ಸುಮ್ಮನೆ ಸವೆದು ಹೋಗುವುದೇ ಹೆಚ್ಚು.

"ಬಾಗಲದ್ದ ಹಾಕು ಮಲ್ಲೇಶಿ" ಎಂದೆ.

"ತಡಿ ತಮ್ಮಾ," ಎಂದರು ಅತ್ತೆ. "ಆ ಪರದೆ ದಪ್ಪ ಐತೋ, ತೆಳ್ಳಗ ಐತೋ?"

"ಅರಿವಿ ಪರದೇರಿ ಅವ್ವಾರ. ದಪ್ಪ ಅಂದ್ರ ಎಷ್ಟ ಇದ್ದೀತು?"

"ಈ ಕಡೆ ಮಾತಾಡಿದ್ರ ಆ ಕಡೆ ಕೇಳ್ತೈತೇನು?"

ಮಲ್ಲೇಶಿ ನನ್ನ ಮುಖ ನೋಡಿ, ಬೇಡದ ಸತ್ಯ ಒಪ್ಪಿಕೊಳ್ಳುವವನಂತೆ ಹೇಳಿದ. "ಕೇಳ್ತೈತ್ರಿ. ಗೊರಕಿ ಸೈತ ಕೇಳ್ತೈತಿ."

"ಹಂಗಾದ್ರ ಪರದೆದ್ದ ಹಾಕು. ಬಾಗಲಾ ಹಾಕ್ಕೊಂಡ ಮಲಗಿದ್ರ ಅತ್ತಾಗಿನವರು ಸತ್ತದ್ದೂ ಇತ್ತಾಗ ಗೊತ್ತಾಗೂದಿಲ್ಲ. ನನಗೂ ಎಪ್ಪತ್ನಾಲ್ಕ ಆತು. ನೀರಿನ ಮ್ಯಾಲ ಜೀವಕ್ಕ ಏನರ ಆದ್ರ?"

ಆಮೇಲೆ ಅತ್ತೆಯವರು ಕ್ಯಾಲೆಂಡರ್ ಬಿಟ್ಟು ಈ ಕಡೆ ತಿರುಗಿದರು. ಸೆರಗು ತಲೆಯ ಮೇಲೆಯೇ ಇತ್ತು. ಕಣ್ಣು ನೆಟ್ಟಗೆ ನನ್ನ ಮೇಲೆ.

"ಕರದ್ರ ಬರ್ತೀರಿ ಹೌದಲ್ರಿ?"

ಮಲ್ಲೇಶಿ ರೂಢಿಯಂತೆ ನನ್ನ ಕಡೆ ಬಾಗಿ, "ಕರದ್ರ ಬರ್ತೀರೇನ ಅಂತ ಕೇಳಾಕತ್ತಾರ್ರಿ" ಎಂದ.

ಉತ್ತರವನ್ನು ನಾನು ಮಲ್ಲೇಶಿಗೆ ಹೇಳಲಿಲ್ಲ.