ಬೋರಲು ಮಲಗಿದ ಸೊಸೆ

ಕಾಯಿಲೆ ಬಿದ್ದವರನ್ನು ಮಾತಾಡಿಸಲು ಬರುವ ಜನರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಕೈಯಲ್ಲಿ ಒಂದು ಬ್ರೆಡ್ಡು, ನಾಲ್ಕು ಸೇಬು, ಮುಖದ ಮೇಲೆ ಮನೆಯಿಂದಲೇ ಹಚ್ಚಿಕೊಂಡು ಬಂದ ದುಃಖ. ಒಳಗೆ ಬಂದು ಕೂತು, ಕಾಫಿ ಕುಡಿದು, ತಮಗೆ ಗೊತ್ತಿರುವ ಕಾಯಿಲೆಗಳನ್ನೆಲ್ಲ ವರ್ಣಿಸಿ, ಹೊರಡುವಾಗ ಧೈರ್ಯವಾಗಿರು ಅನ್ನುತ್ತಾರೆ. ನಾನು ಧೈರ್ಯವಾಗಿಯೇ ಇದ್ದೆ. ನನಗೆ ಬೇಕಾಗಿದ್ದದ್ದು ಒಂದು ವಾರ ಮುಖ ಕೆಳಗೆ ಹಾಕಿಕೊಂಡು ಮಲಗಲು ಒಂದು ಮಂಚ. ಹರಿಹರದ ನಮ್ಮ ಮನೆಯಲ್ಲಿ ನನಗೆ ಅದೊಂದು ಸಿಗಲಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನನ್ನ ಎಡಗಣ್ಣು ಚಿಕ್ಕಂದಿನಿಂದಲೂ ಹೆಸರಿಗೆ ಮಾತ್ರ ಕಣ್ಣು. ಅದರಲ್ಲಿ ಕಾಣುವುದೆಲ್ಲ ಮಂಜು ಮಂಜು. ಓದು, ಬರಹ, ಬೋರ್ಡು, ಉತ್ತರಪತ್ರಿಕೆ, ಅಕ್ಕಿಯೊಳಗಿನ ಕಲ್ಲು, ಎಲ್ಲವೂ ಬಲಗಣ್ಣಿನ ದುಡಿಮೆ. ಕಳೆದ ವರ್ಷ ಬೇಸಿಗೆ ರಜೆ ಮುಗಿಸಿ ಶಾಲೆಗೆ ಹೋದಾಗ ಬೋರ್ಡಿನ ಮೇಲೆ ತ್ರಿಭುಜ ಬರೆದೆ. ಪಾದದ ಗೆರೆ ನಡುವೆ ಸೊಟ್ಟಗಿತ್ತು. ಅಳಿಸಿ, ಸ್ಕೇಲ್ ಹಿಡಿದು ಎಳೆದೆ. ಮತ್ತೆ ಸೊಟ್ಟ. ಸ್ಕೇಲನ್ನೇ ಕಣ್ಣಿನ ಮುಂದೆ ತಂದು ನೋಡಿದರೆ ಅದೂ ನಡುವೆ ಬಾಗಿತ್ತು. ಮುಂದಿನ ಸಾಲಿನ ಹುಡುಗಿಯರನ್ನು ಕೇಳಿದೆ, ಗೆರೆ ನೆಟ್ಟಗಿದೆ ಎಂದರು.

ಮನೆಗೆ ಬಂದು ಹೇಳಿದರೆ ಅತ್ತೆಯವರ ಬಳಿ ಉತ್ತರ ತಯಾರಿತ್ತು. "ಪೊರೆ ಬರ್ತಾ ಐತೆ, ಅಷ್ಟೇ. ಬಲೀಲಿ ತಡಿ. ಹಸಿ ಪೊರೆ ತೆಗಸಬಾರದು."

ನಮ್ಮ ಕಡೆ ಕಣ್ಣಿಗೆ ಇರುವುದು ಒಂದೇ ಕಾಯಿಲೆ, ಪೊರೆ. ಅದಕ್ಕಿರುವುದು ಒಂದೇ ಉಪಾಯ, ಮಾವಿನಕಾಯಿಯಂತೆ ಹಣ್ಣಾಗುವವರೆಗೆ ಕಾಯುವುದು. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನ್ನ ಗಂಡನೂ ತಲೆ ಆಡಿಸಿದ. ರೈತರು ಕೆಟ್ಟ ಮೋಟರನ್ನು ಮಳೆಗಾಲ ಮುಗಿಯಲಿ ಎಂದು ಕೊಟ್ಟಿಗೆಯಲ್ಲಿ ಇಟ್ಟರೆ ಸಿಡುಕುವವನು, ಹೆಂಡತಿಯ ಕಣ್ಣಿನ ವಿಷಯದಲ್ಲಿ ದಸರಾ ರಜೆವರೆಗೆ ನೋಡೋಣ ಎಂದ. ದಸರಾ ಬರುವಷ್ಟರಲ್ಲಿ ಪೇಪರಿನಲ್ಲಿ ಪ್ರತಿ ಪದದ ನಡುವಿನ ಅಕ್ಷರ ಮಾಯವಾಗುತ್ತಿತ್ತು. ನೋಡಿದ ಕಡೆಯೆಲ್ಲ ನಟ್ಟನಡುವೆ ಒಂದು ಬೂದು ಬಣ್ಣದ ಮಚ್ಚೆ.

ದಾವಣಗೆರೆಯ ಕಣ್ಣಿನ ಆಸ್ಪತ್ರೆಯ ಡಾಕ್ಟರಮ್ಮ ಹನಿ ಹಾಕಿ, ಯಂತ್ರಕ್ಕೆ ಗದ್ದ ಊರಿಸಿ, ಬಲಗಣ್ಣಿನ ಹಿಂಭಾಗದ ಚಿತ್ರ ತೆಗೆದರು.

"ಪೊರೆ ಅಲ್ಲ ಇದು. ಕಣ್ಣಿನ ಹಿಂದ್ಗಡೆ ಒಂದು ಪರದೆ ಇರ್ತೈತೆ, ನಾವು ನೋಡಿದ್ದೆಲ್ಲ ಬೀಳೋದು ಅದರ ಮೇಲೇ. ಅದರ ನಟ್ಟನಡುವೆ ತೂತು ಬಿದ್ದೈತೆ. ಮೊದಲೇ ಬರಬೇಕಿತ್ತು ನೀವು."

ಇಂಜೆಕ್ಷನ್ನಿನಲ್ಲಿ ಹೋಗುವುದಿಲ್ಲವೇ ಎಂದು ಕೇಳಿದೆ. ನಮ್ಮ ಶಾಲೆಯ ಹೆಡ್‌ಮಾಸ್ಟರು ಸಕ್ಕರೆ ಕಾಯಿಲೆಯಿಂದ ಆಗಾಗ ಕಣ್ಣಿಗೇ ಇಂಜೆಕ್ಷನ್ ಚುಚ್ಚಿಸಿಕೊಂಡು ಬರುತ್ತಿದ್ದರು. ಅದು ಬೇರೆ, ಸಕ್ಕರೆಯವರಿಗೆ ಪರದೆ ಊದಿಕೊಂಡಾಗ ಕೊಡುವ ಔಷಧಿ, ತೂತಿಗೆ ಆಪರೇಷನ್ನೇ ಆಗಬೇಕು ಎಂದರು. ಕಣ್ಣಿನೊಳಗೆ ತುಂಬಿರುವ ಅಂಟನ್ನು ತೆಗೆದು, ಪರದೆಯ ಮೇಲಿನ ತೆಳು ಪದರ ಸುಲಿದು, ಒಳಗೆ ಗ್ಯಾಸ್ ತುಂಬುತ್ತಾರೆ. ಆ ಗ್ಯಾಸಿನ ಗುಳ್ಳೆ ತೂತಿನ ಮೇಲೆ ಒತ್ತಿ ಕೂತರೆ ಅಂಚು ಕೂಡಿಕೊಳ್ಳುತ್ತದೆ. ಗುಳ್ಳೆ ಯಾವಾಗಲೂ ಮೇಲಕ್ಕೆ ಏರುತ್ತದೆ. ಕಣ್ಣಿನ ಹಿಂಭಾಗ ಮೇಲಾಗಬೇಕಾದರೆ ಮುಖ ನೆಲ ನೋಡುತ್ತಿರಬೇಕು.

"ಅರ್ಧ ಕೆಲಸ ನಂದು, ಅರ್ಧ ನಿಮ್ದು. ಒಂದು ವಾರ ಮುಖ ಎತ್ತಬ್ಯಾಡ್ರಿ. ಅಂಗಾತ ಅಂತೂ ಮಲಗಲೇಬ್ಯಾಡ್ರಿ" ಎಂದರು.

ಇಷ್ಟು ಹೇಳಿದ್ದು ನನಗೆ ಮಾತ್ರ. ಹೊರಗೆ ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ನಮ್ಮ ಅತ್ತೆಗೆ ಕೌಂಟರಿನ ಹೆಣ್ಣುಮಗಳು, "ಹೆದರಬ್ಯಾಡ ಅಜ್ಜಿ, ಸಣ್ಣ ಆಪರೇಷನ್ನು" ಎಂದು ಸಮಾಧಾನ ಮಾಡಿದಳು. ಆ ಸಮಾಧಾನ ನನಗೆ ಎಷ್ಟು ದುಬಾರಿಯಾಯಿತೆಂದು ಆಕೆಗೆ ಗೊತ್ತಿಲ್ಲ. ಅತ್ತೆ ಬಸ್ಸಿನಲ್ಲಿ ಕೂತವರಿಂದ ಹಿಡಿದು ಬೀದಿಯ ಕೊನೆಯ ಮನೆಯವರೆಗೆ ಸಣ್ಣ ಆಪರೇಷನ್ ಎಂದೇ ಹೇಳಿಕೊಂಡು ಬಂದರು. ಸಣ್ಣ ಆಪರೇಷನ್ ಆದವಳು ಎದ್ದು ಕೂತು ಬಂದವರನ್ನು ಮಾತಾಡಿಸಲು ಏನು ಧಾಡಿ, ಅಲ್ಲವೇ?

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಗಂಡ ಹಾಲ್‌ನಲ್ಲೇ ಮಂಚ ಹಾಕಿದ. ಫ್ಯಾನು ಅಲ್ಲಿದೆ, ಬಂದವರಿಗೆ ಕೂರಲು ಕುರ್ಚಿಗಳೂ ಅಲ್ಲಿವೆ. ಮಂಚದ ಅಂಚಿಗೆ ಟವೆಲ್ ಸುತ್ತಿಟ್ಟು, ಅದಕ್ಕೆ ಹಣೆ ಆನಿಸಿ, ನೆಲ ನೋಡುತ್ತ ಮಲಗಿದೆ. ಮೂಗು ಕಟ್ಟುತ್ತಿತ್ತು, ಕತ್ತು ಸೆಟೆದುಕೊಳ್ಳುತ್ತಿತ್ತು. ಆದರೂ ಹಟ ಹಿಡಿದೆ. ಬಾಟಲಿಗೆ ಅರ್ಧ ನೀರು ತುಂಬಿಸಿ, ಅಡ್ಡ ಮಲಗಿಸಿ, ಗುಳ್ಳೆ ಹೇಗೆ ಮೇಲೇ ನಿಲ್ಲುತ್ತದೆಂದು ಅತ್ತೆಗೂ ಗಂಡನಿಗೂ ತೋರಿಸಿದೆ. ಗಂಡ ಮೋಟರು ಕೂರಿಸುವಾಗ ದಿನಾ ರಸಮಟ್ಟ ಹಿಡಿದು ಅದರ ಗುಳ್ಳೆ ನೋಡುವವನು, ತಕ್ಷಣ ಅರ್ಥ ಮಾಡಿಕೊಂಡ. ಅತ್ತೆಯೂ ಹ್ಞೂಂ ಅಂದರು.

ಮರುದಿನದಿಂದ ಜನ ಬರತೊಡಗಿದರು. ನನಗೆ ಕಂಡಿದ್ದು ಬರೀ ಕಾಲುಗಳು. ಒಡೆದ ಹಿಮ್ಮಡಿ, ಸವೆದ ಕಾಲುಂಗುರ, ಪಂಚೆಯ ಅಂಚು, ತೂತುಬಿದ್ದ ಸಾಕ್ಸು. ಕುರ್ಚಿ ಎಳೆದ ಸದ್ದಾಗುತ್ತಿತ್ತು, ತಲೆಯ ಮೇಲೆ ಮಾತು ಶುರುವಾಗುತ್ತಿತ್ತು. ಒಬ್ಬರಿಗೆ ನಂದಿಬಟ್ಟಲು ಹೂವಿನ ರಸ ಗೊತ್ತು, ಇನ್ನೊಬ್ಬರಿಗೆ ಜೇನುತುಪ್ಪ ಗೊತ್ತು. ಮತ್ತೊಬ್ಬರ ಬೀಗರಿಗೆ ಇದೇ ಆಗಿ ಬರೀ ಹನಿಯಲ್ಲಿ ವಾಸಿಯಾಗಿತ್ತು. ಎಲ್ಲರೂ ಕಡೆಗೆ ಕೇಳುವುದು ಒಂದೇ. "ಎಲ್ಲಿ, ಮುಖ ತೋರ್ಸು. ನೋಡ್ಕೊಂಡು ಹೋಗಾಣ ಅಂತ ಬಂದ್ವಿ."

ನಮ್ಮಲ್ಲಿ ಸುದ್ದಿ ಕೇಳಿಯೂ ಬರದಿದ್ದರೆ ಅದು ಬೈಗುಳಕ್ಕೆ ಸಮ. ಬಂದವರಿಗೆ ಮುಖ ಕೊಡದಿದ್ದರೆ ಅದು ಇನ್ನೂ ದೊಡ್ಡ ಅಪರಾಧ. ನಾನು ನೆಲಕ್ಕೇ ಉತ್ತರ ಕೊಡುತ್ತಿದ್ದೆ. "ಎತ್ತಂಗಿಲ್ರಿ, ಡಾಕ್ಟ್ರು ಬ್ಯಾಡ ಅಂದಾರೆ." ಆಗ ಅತ್ತೆಯ ಕಾಲು ನನ್ನ ಮುಂದೆ ಬಂದು ನಿಲ್ಲುತ್ತಿತ್ತು. "ಒಂದ್ ನಿಮಿಷ ಎದ್ದು ಕುಂತ್ರೆ ಏನಾಗ್ತೈತೆ? ಅಷ್ಟ್ ದೂರದಿಂದ ಬಂದಾರೆ." ಬಂದವರಿಗೆಲ್ಲ ಒಂದೊಂದು ನಿಮಿಷ ಕೊಟ್ಟಿದ್ದರೆ ನನಗೆ ಉಳಿಯುತ್ತಿದ್ದದ್ದೇನು? ಸೊಸೆಗೆ ಸೊಕ್ಕು ಎಂಬ ಮಾತು ಅಡುಗೆಮನೆಯಿಂದ ನನ್ನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿಯೇ ಬಂತು. ಇರಲಿ ಬಿಡು ಅಂದುಕೊಂಡೆ. ಸೊಕ್ಕು ಕಣ್ಣು ಉಳಿಸುವುದಾದರೆ ಸೊಕ್ಕೇ ಸರಿ.

ಬಂದವರಲ್ಲಿ ನನಗೆ ಹಿತವೆನಿಸಿದ್ದು ಒಬ್ಬರೇ, ನಮ್ಮ ಶಾಲೆಯ ಹಿಂದಿ ಮೇಡಂ. ಆಕೆ ಬಂದು ಕುರ್ಚಿ ಬೇಡ ಎಂದರು. ಬುರ್ಖಾ ಬಿಚ್ಚಿ ಮಡಚಿ ತಲೆಯ ಕೆಳಗಿಟ್ಟುಕೊಂಡು ಸೀದಾ ನೆಲದ ಮೇಲೆ ಅಂಗಾತ ಮಲಗಿ, ನನ್ನ ಮುಖದ ನೇರ ಕೆಳಗೆ ತಮ್ಮ ಮುಖ ತಂದರು. "ಅರೆ, ಇಲ್ಲಿಂದ ಚೆಂದ ಕಾಣ್ತೀರಲ್ರೀ" ಎಂದು ನಕ್ಕರು. ಆಮೇಲೆ ಹತ್ತನೇ ಕ್ಲಾಸಿನ ತಂಟೆಗಳನ್ನೆಲ್ಲ ಮಲಗಿಕೊಂಡೇ ಹೇಳಿದರು. ಅತ್ತೆ ಕಾಫಿ ತಂದು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದರು. ಆಪರೇಷನ್ ಆದಮೇಲೆ ನಾನು ನಕ್ಕಿದ್ದು ಅವತ್ತೊಂದೇ ದಿನ.

ಅದರ ಮರುದಿನ ಕುಕ್ಕುವಾಡದಿಂದ ಅತ್ತೆಯ ಅಣ್ಣ ಬಂದರು, ಹೆಂಡತಿಯ ಜೊತೆ. ಆ ಮನೆತನದಲ್ಲಿ ಅವರ ಮಾತೆಂದರೆ ಮಾತು. ಹಿಂದಿನ ರಾತ್ರಿ ಕತ್ತುನೋವಿಗೆ ನಿದ್ದೆಯೇ ಬಂದಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಮಾತ್ರೆ ನುಂಗಿ, ಹಣೆ ಟವೆಲಿಗೆ ಒತ್ತಿ, ಸತ್ತಂತೆ ಮಲಗಿಬಿಟ್ಟಿದ್ದೆ. ಮುಂದೆ ನಡೆದದ್ದನ್ನು ಅವರ ಹೆಂಡತಿಯೇ ಆಮೇಲೆ ನನಗೆ ಹೇಳಿದ್ದು, ಏನೋ ಉಪಕಾರ ಮಾಡಿದ ಧಾಟಿಯಲ್ಲಿ. ಹಿರಿಯರು ಹೊಸ್ತಿಲಲ್ಲೇ ನಿಂತರಂತೆ. "ಮುತ್ತೈದಿ ಹಿಂಗೆ ಬೋರಲು ಬಿದ್ಕೊಂಡ್ರೆ ಮನಿಗೆ ಒಳ್ಳೇದಲ್ಲ. ಹೊಳ್ಳಿಸ್ರಿ ಮೊದ್ಲು. ಆಮೇಲೆ ನಾನು ಒಳಗೆ ಬರ್ತೀನಿ" ಎಂದರಂತೆ. ಅತ್ತೆ ಒಂದು ಭುಜ ಹಿಡಿದರು, ಅವರ ಅತ್ತಿಗೆ ಇನ್ನೊಂದು ಭುಜ ಹಿಡಿದರು. ಎಚ್ಚರವಾಗದ ಹಾಗೆ, ಕೂಸನ್ನು ತೊಟ್ಟಿಲಲ್ಲಿ ಹೊರಳಿಸಿದಷ್ಟು ಹುಷಾರಾಗಿ ನನ್ನನ್ನು ಅಂಗಾತ ಮಲಗಿಸಿದರು. ತಲೆಗೆ ಮೆತ್ತನೆಯ ದಿಂಬು ಕೊಟ್ಟರು, ಮೈಮೇಲೆ ಚಾದರ ಹೊದಿಸಿದರು, ಹಣೆಗೆ ಕುಂಕುಮ ಇಟ್ಟರು.

ಎಚ್ಚರವಾದಾಗ ಎಡಗಣ್ಣಿಗೆ ತಲೆಯ ಮೇಲೆ ಏನೋ ಗಿರಗಿರ ತಿರುಗುವುದು ಕಂಡಿತು. ಅದು ಫ್ಯಾನು. ಕಿಟಕಿಯ ಬಿಸಿಲು ಆಗಲೇ ಗೋಡೆ ಬಿಟ್ಟು ಹೋಗಿತ್ತು, ಅಂದರೆ ಮಧ್ಯಾಹ್ನವಿಡೀ ಹಾಗೇ ಬಿದ್ದಿದ್ದೆ. ಗುಳ್ಳೆ ತೂತು ಬಿಟ್ಟು ಕಣ್ಣಿನ ಮುಂಭಾಗಕ್ಕೆ ಬಂದು ಸುಮ್ಮನೆ ಕೂತಿತ್ತು. ಪಕ್ಕದಲ್ಲಿ ಮೂವರೂ ಎಳನೀರು ಕುಡಿಯುತ್ತಿದ್ದರು.

ನಾನು ಕಿರುಚಿದೆ. ಎಂಥ ಕಿರುಚಾಟವೆಂದರೆ ಎದುರುಮನೆಯವರು ಓಡಿ ಬಂದರು. "ಯಾರು ಹೊಳ್ಳಿಸಿದ್ದು ನನ್ನ? ಯಾರು? ಎದ್ದು ನಡೀರಿ ಎಲ್ಲಾರೂ!" ಎಂದೆ. ಜೀವಮಾನದಲ್ಲಿ ಆ ಹಿರಿಯರ ಎದುರು ತಲೆಯ ಮೇಲಿನ ಸೆರಗು ಜಾರಿಸದಿದ್ದವಳು, ನಡೀರಿ ಎಂದೆ. ಅವರು ಎಳನೀರನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಅತ್ತೆ ಗೋಡೆಗೆ ಒರಗಿ ಅತ್ತರು. ಸಂಜೆ ಗಂಡ ಬಂದು ತಗ್ಗಿದ ದನಿಯಲ್ಲಿ, "ಪ್ರೀತಿಯಿಂದ ಮಾಡ್ಯಾರೆ, ಯಾಕ ಇಷ್ಟ್ ಕೂಗಾಡ್ತಿ?" ಎಂದ.

ಪ್ರೀತಿ! ದ್ವೇಷದಿಂದ ಮಾಡಿದ್ದರೆ ಪೊಲೀಸರ ಹತ್ತಿರವಾದರೂ ಹೋಗಬಹುದಿತ್ತು. ಪ್ರೀತಿಯಿಂದ ಮಾಡಿದವರನ್ನು ಬೈದರೆ ಬೈದವಳೇ ಕೆಟ್ಟವಳು. ಅವತ್ತೇ ದಿಂಬು ಟವೆಲು ಎತ್ತಿಕೊಂಡು, ಬಗ್ಗಿದ ತಲೆಯಲ್ಲೇ ನಡೆದು, ಅಕ್ಕಿ ಮೂಟೆ ಇಡುವ ಕೋಣೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡೆ. ವಾರದ ಉಳಿದ ದಿನಗಳನ್ನು ಅಲ್ಲೇ ಬೋರಲು ಕಳೆದೆ. ಊಟಕ್ಕೆ, ಬಚ್ಚಲಿಗೆ, ಹನಿ ಹಾಕಿಸಿಕೊಳ್ಳಲು ಬಿಟ್ಟರೆ ಬಾಗಿಲು ತೆಗೆಯಲಿಲ್ಲ. ಜನ ಬರುವುದು ಅದರಿಂದೇನೂ ನಿಲ್ಲಲಿಲ್ಲ. ಬಾಗಿಲಿಗೇ ಧೈರ್ಯ ಹೇಳಿ, ಬಾಗಿಲ ಹತ್ತಿರವೇ ಸೇಬು ಇಟ್ಟು ಹೋದರು.

ಗ್ಯಾಸು ಕರಗಲು ಕೆಲವು ವಾರ ಬೇಕಾಯಿತು. ಕಣ್ಣಿನೊಳಗೆ ನೀರಿನ ಗೆರೆಯೊಂದು ತುಳುಕುತ್ತ ದಿನದಿನಕ್ಕೂ ಕೆಳಗಿಳಿಯುತ್ತಿತ್ತು. ಗೆರೆಯ ಮೇಲೆ ಮೊದಲು ಕಿಟಕಿಯ ಸರಳು ಕಂಡವು, ಆಮೇಲೆ ಗೋಡೆಯ ಗಡಿಯಾರ. ಅದರ ಅಂಚಿನ ಅಂಕಿಗಳು ಕಂಡವು, ಮುಳ್ಳುಗಳು ಕೂಡುವ ಜಾಗ ಕಾಣಲಿಲ್ಲ. ಡಾಕ್ಟರಮ್ಮ ಮತ್ತೆ ಚಿತ್ರ ತೆಗೆದು, "ಮುಚ್ಚಿಲ್ಲ" ಎಂದರು.

ಆ ಮಧ್ಯಾಹ್ನದಿಂದಲೇ ಹೀಗಾಯಿತೇ ಎಂದು ಕೇಳಿದೆ.

"ಹಂಗಂತ ಹೇಳಾಕ ಆಗಲ್ಲ. ತಡ ಮಾಡಿ ಬಂದ್ರಿ, ತೂತೂ ದೊಡ್ಡದಿತ್ತು. ಎಲ್ಲಾ ಸರಿಯಾಗಿ ಮಾಡಿದ್ರೂ ಕೆಲವರಿಗೆ ಮುಚ್ಚಲ್ಲ. ಇನ್ನೊಂದ್ಸಲ ಮಾಡಬಹುದು, ಆದರೆ ಖಾತ್ರಿ ಕೊಡಲ್ಲ."

ಆಕೆ ಪ್ರಾಮಾಣಿಕವಾಗಿ ಹೇಳಿದರು. ಆ ಪ್ರಾಮಾಣಿಕತೆಯನ್ನು ನನ್ನ ಗಂಡ ಗಬಕ್ಕನೆ ಹಿಡಿದುಕೊಂಡ. ದಾವಣಗೆರೆಯಿಂದ ಹರಿಹರದವರೆಗೆ ಬಸ್ಸಿನಲ್ಲಿ ಅವನದು ಒಂದೇ ಮಾತು. "ಕೇಳಿದ್ಯಲ್ಲ? ಅವ್ವಂದೇನೂ ತಪ್ಪಿಲ್ಲ." ಆಗಲಿ ಹುಷಾರಾಗ್ತೀಯ ಎನ್ನಲಿಲ್ಲ, ಎರಡನೇ ಸಲ ಮಾಡಿಸೋಣ ಎನ್ನಲೂ ಇಲ್ಲ. ಅವನಿಗೆ ಬೇಕಾಗಿದ್ದ ತೀರ್ಪು ಸಿಕ್ಕಿತ್ತು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ತಡವಾಗಿ ಹೋದದ್ದು ಯಾರ ಮಾತಿನಿಂದ ಎಂದು ಕೇಳಿದ್ದರೆ ಬಸ್ಸಿನಲ್ಲೇ ಜಗಳವಾಗುತ್ತಿತ್ತು.

ಎರಡನೇ ಆಪರೇಷನ್ನಿಗೆ ನಾನೇ ಒಪ್ಪಿಗೆ ಕೊಟ್ಟು ಬಂದಿದ್ದೆ. ಅಷ್ಟರೊಳಗೆ ಮುಚ್ಚಲಿಲ್ಲವಂತೆ ಎಂಬ ಸುದ್ದಿ ಹಬ್ಬಿ ಜನ ಮತ್ತೆ ಶುರುವಾದರು. ಒಂದು ಸಂಜೆ ಹಾಲ್‌ನಲ್ಲಿ ಕೂತಿದ್ದೆ. ಅತ್ತೆ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತರು. ಸೆರಗಿನ ತುದಿ ಸುತ್ತುತ್ತ ಕೇಳಿದರು. "ನಾನು ಕಾಣ್ತೀನೇನವ್ವ?"

ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಅವರನ್ನು ನೋಡಿದೆ. ಬೈತಲೆಯ ಬಿಳಿಗೂದಲು ಕಂಡಿತು. ಎರಡೂ ಕಿವಿ ಕಂಡವು. ನಡುವೆ ಕಣ್ಣು, ಮೂಗು, ಬಾಯಿ ಇರಬೇಕಾದಲ್ಲಿ ಬೂದಿ ಬಳಿದಂತೆ ಖಾಲಿ. ಸುಳ್ಳು ಹೇಳಿ ಸಮಾಧಾನ ಮಾಡಲು ನನಗೆ ಮನಸ್ಸಾಗಲಿಲ್ಲ.

"ಕಿವ್ಯಾಗಿನ ಓಲೆ ಕಾಣ್ತಾವೆ ಅತ್ತಿ. ಮುಖ ಕಾಣಂಗಿಲ್ಲ."

ಅವರು ಅತ್ತರೋ ಇಲ್ಲವೋ ನನಗೆ ತಿಳಿಯುವಂತಿರಲಿಲ್ಲ. ಆಗ ಹೊರಗೆ ಗೇಟಿನ ಸದ್ದಾಯಿತು. ಯಾರೋ ಹೆಂಗಸರು ಮಾತಾಡಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಅತ್ತೆ ಮೊಣಕಾಲಿಗೆ ಕೈಯೂರಿ ಎದ್ದು, ಬಾಗಿಲಿಗೆ ಹೋಗಿ, ಎರಡೂ ಕೈ ಚಾಚಿ ಚೌಕಟ್ಟು ಹಿಡಿದು ನಿಂತರು.

"ಒಳಗೆ ಬರಬ್ಯಾಡ್ರಿ. ನಮ್ಮ ಸೊಸಿಗೆ ಇನ್ನೊಂದು ಆಪರೇಷನ್ ಐತೆ. ದೊಡ್ಡ ಆಪರೇಷನ್. ಯಾರೂ ಬರಬ್ಯಾಡ್ರಿ."

ಆ ಮನೆಯ ಬಾಗಿಲಲ್ಲಿ ಬಂದವರನ್ನು ಹಿಂದಕ್ಕೆ ಕಳಿಸಿದ್ದು ಅವರ ಬಾಳಿನಲ್ಲಿ ಅದೇ ಮೊದಲಿರಬೇಕು. ಮೆಟ್ಟಿಲಿಳಿದು ಹೋಗುವ ಹೆಜ್ಜೆಗಳು ಕೇಳಿದವು. ಬಾಗಿಲು ಹಾಕಿಕೊಂಡು ಬಂದ ಅತ್ತೆ ನನ್ನ ತಲೆ ಸವರಿದರು. ನಾನು ಅವರ ಕೈಯನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟೆ.