ಓಝೋನ್ ಮತ್ತು ಕುಸುಮ

ಗೆರಸೆಯಲ್ಲಿ ಭತ್ತ ಕೇರುವಾಗ ಗಟ್ಟಿ ಕಾಳು ಒಳಗುಳಿದು ಜೊಳ್ಳು ಮುಂದಕ್ಕೆ ಹಾರುವುದನ್ನು ನೀವೂ ನೋಡಿರುತ್ತೀರಿ. ಈ ಸಲದ ಸುಗ್ಗಿ ಬೆಳೆಯಲ್ಲಿ, ಪೊಳಲಿಯಿಂದಾಚೆಗೆ, ಹೆದ್ದಾರಿಯಿಂದ ದೂರವಿರುವ ನನ್ನ ಗದ್ದೆಯದು ಹಾರಿದ್ದೇ ಹೆಚ್ಚು, ಉಳಿದದ್ದು ಕಡಿಮೆ. ತೆನೆ ಬರುವ ಹೊತ್ತಿಗೇ ಎಲೆಗಳ ಮೇಲೆ ತುಕ್ಕಿನ ಬಣ್ಣದ ಸಣ್ಣ ಚುಕ್ಕೆಗಳಿದ್ದವು. ಕಲ್ಲಡ್ಕದ ಹೆದ್ದಾರಿಯ ಬದಿಯಲ್ಲೇ ಇರುವ ತಂಗಿಯ ಗದ್ದೆಯಲ್ಲಿ ಮಾತ್ರ, ಅದೇ ಬೀಜಕ್ಕೆ, ತುಂಬು ತೆನೆ. ಲಾರಿಗಳ ಹೊಗೆ ಕುಡಿದ ಪೈರು ಮೈದುಂಬಿ, ಶುದ್ಧ ಗಾಳಿಯ ಪೈರು ಸೊರಗುವುದು ಎಲ್ಲಿಯ ನ್ಯಾಯ? ಕಾರಣ ತಿಳಿಯದಾಗ ನಾವು ಕೈಗೆ ಸಿಕ್ಕವರನ್ನು ಹಿಡಿಯುತ್ತೇವೆ; ನಾನು ಹಿಡಿದದ್ದು ಹತ್ತು ವರ್ಷಗಳಿಂದ ಗದ್ದೆ ನೋಡಿಕೊಳ್ಳುತ್ತಿದ್ದ ಕುಸುಮಳನ್ನು. ಹೊತ್ತಿಗೆ ಸರಿಯಾಗಿ ನೀರು ಬಿಡಲಿಲ್ಲ ನೀನು ಎಂದುಬಿಟ್ಟೆ. ಹುಲ್ಲು ಕೊಯ್ಯುವ ಕತ್ತಿಯನ್ನು ಜಗಲಿಯಲ್ಲಿಟ್ಟು ಹೋದವಳು ಮತ್ತೆ ಬರಲಿಲ್ಲ.

ವಾರ ಕಳೆದು ಜಯಂತಿ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಕೃಷಿ ಸಂಶೋಧನೆಯಲ್ಲಿದ್ದಾಳೆ. ನಾನು ತೆಗೆದಿಟ್ಟಿದ್ದ ಎಲೆಗಳನ್ನು ಬೆಳಕಿಗೆ ಹಿಡಿದು ನೋಡಿ, ತುಸು ಸಂಕೋಚದಿಂದಲೇ ಹೇಳಿದಳು: "ಇದು ಓಝೋನ್ ಇರಬಹುದು ಟೀಚರ್. ಅಳೆಯದೆ ಖಂಡಿತ ಹೇಳ್ಲಿಕ್ಕೆ ಆಗುವುದಿಲ್ಲ."

ಮೂಡುಬಿದಿರೆಯ ಶಾಲೆಯಲ್ಲಿ ಮೂವತ್ತು ವರ್ಷ, ಓಝೋನೆಂದರೆ ಭೂಮಿಗೆ ಹಿಡಿದ ಕೊಡೆಯೆಂದು ಕರಿಹಲಗೆಯ ಮೇಲೆ ಚಿತ್ರ ಬಿಡಿಸಿ ಹೇಳಿಕೊಟ್ಟವಳು ನಾನು. ಅದನ್ನೇ ಬರೆದು ಅಂಕ ಪಡೆದವಳು ಅವಳು. ಆಕಾಶದಲ್ಲಿ ಕಾಯುವ ಅನಿಲವೇ ನೆಲದ ಬಳಿ ವಿಷವಂತೆ. ವಾಹನಗಳ ಹೊಗೆ ಬಿಸಿಲಿನಲ್ಲಿ ಬೆಂದು ಹುಟ್ಟುವುದಂತೆ. ಎಲೆ ಉಸಿರಾಡುವ ರಂಧ್ರಗಳಿಂದ ಒಳಹೊಕ್ಕು, ಕಾಳಿಗೆ ಸೇರಬೇಕಾದ ಸತ್ವವನ್ನು ಕುಗ್ಗಿಸುವುದಂತೆ. ರಸ್ತೆಯ ಮಗ್ಗುಲಲ್ಲಿ ಹೊಸ ಹೊಗೆಯೇ ಅದನ್ನು ತಿಂದುಹಾಕುವುದೂ ಉಂಟು, ಗಾಳಿಯಲ್ಲಿ ತೇಲಿ ದೂರ ಬಂದಾಗಲೇ ಅದರ ಹಾವಳಿ ಹೆಚ್ಚು ಎಂದಳು. ಅಂದರೆ ಲಾರಿ ಓಡಿದ್ದು ತಂಗಿಯ ಗದ್ದೆಯ ಮುಂದೆ, ಪೆಟ್ಟು ಬಿದ್ದದ್ದು ನನ್ನ ಗದ್ದೆಗೆ. ನಾನು ಕಲಿಸಿದ್ದು ಸುಳ್ಳಲ್ಲ, ಇವಳು ಹೇಳುವುದೂ ಸುಳ್ಳಲ್ಲ. ಎರಡು ನಿಜಗಳ ನಡುವೆ ಎಲ್ಲಿ ಕಾಲಿಡಬೇಕೆಂದು ತೋಚದೆ ಕುಳಿತೆ.

ಮರುದಿನ ಬೆಳಿಗ್ಗೆ ಕುಸುಮಳ ಮನೆಗೆ ಹೋಗಿ, ತಪ್ಪು ನಿನ್ನದಲ್ಲ ಎಂದೆ. ಹಾಗಾದರೆ ಯಾರದ್ದೆಂದು ಕೇಳಿದಳು. ಗಾಳಿಯದ್ದು ಇರಬಹುದು ಎಂದೆ. ಅವಳನ್ನು ಬೈಯುವಾಗ ನನ್ನ ಬಾಯಲ್ಲಿ ಈ 'ಇರಬಹುದು' ಇರಲಿಲ್ಲ.

ಒಳಗೆ ಹೋಗಿ ಕುಡಿಯಲು ನೀರು ತಂದಿಟ್ಟಳು.

"ನೀರಾದರೆ ನಾನು ತಿರುಗಿಸಿ ಬಿಡ್ತೇನೆ ಅಕ್ಕ. ಗಾಳಿಯನ್ನು ಎಲ್ಲಿಗೆ ತಿರುಗಿಸುವುದು?"

ನೀರು ಕುಡಿದು ಲೋಟ ಕೆಳಗಿಟ್ಟೆ. ನಾಳೆಯಿಂದ ಬರುತ್ತೀಯಾ ಎಂದು ಕೇಳಿದೆ. ಅಂಗಳದಾಚೆ ನೋಡುತ್ತ, "ನೋಡುವ" ಎಂದಳು.